ಉಪ್ಪುನೀರಿನ ಭತ್ತ

ಬಳ್ಳಾರಿಯವರಾದ ನಮಗೆ ಸಮುದ್ರವೆಂದರೆ ಸಿನಿಮಾದಲ್ಲಿ ನೋಡುವ ವಸ್ತು. ಕಣ್ಣಿಗೆ ಒಗ್ಗಿದ್ದು ಬಂಡೆಗುಡ್ಡ, ಕೆಂಪು ದೂಳು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಹಾಗಾಗಿ ಒಂದು ಡಿಸೆಂಬರಿನಲ್ಲಿ ಕುರುಗೋಡಿನ ಅಣ್ಣನ ಮಗ ಬಂದು, "ಚಾಚಾ, ಕುಮಟಾದಿಂದ ಗೋಕರ್ಣಕ್ಕೆ ದಂಡೆ ಹಿಡಿದು ನಡೆಯೋಣ, ಒಂದು ರಾತ್ರಿ ದಾರಿಯಲ್ಲೇ ಇರೋಣ" ಎಂದಾಗ ನಗು ಬಂತು. ಆದರೂ ಹೊರಟೆ.

ಬಸ್ ಹತ್ತುವಾಗ ಅಣ್ಣ ತಮ್ಮ ಹಳೆಯ ಪ್ರಶ್ನೆ ಎತ್ತಿದರು. "ಹೋಗಿ ಬಂದು ಇದನ್ನೂ ಕನ್ನಡದಲ್ಲೇ ಬರೀತೀಯೇನು? ಅಪ್ನಿ ಜಬಾನ್ ಮೆಂ ಕೈಕು ನೈ ಲಿಕ್ತೆ?" ನಮ್ಮ ಭಾಷೆಯಲ್ಲಿ ಯಾಕೆ ಬರೆಯುವುದಿಲ್ಲ ಎಂಬುದು ಅವರ ದೂರು. ಸಿರುಗುಪ್ಪದಲ್ಲಿ ಏಳನೇ ತರಗತಿಯವರೆಗೆ ನಾನು ಓದಿದ್ದು ಉರ್ದು, ಆಮೇಲೆ ಕನ್ನಡ. ಹೈಸ್ಕೂಲಿನ ಮೊದಲ ವಾರ 'ಬಳ್ಳಾರಿ'ಯನ್ನು 'ಬಲ್ಲಾರಿ' ಎಂದು ಓದಿದ್ದಕ್ಕೆ ತರಗತಿಯೆಲ್ಲ ನಕ್ಕಿತ್ತು. ಅಲ್ಲಿ ನಗು, ಮನೆಯಲ್ಲಿ ಮುನಿಸು. ಎರಡರ ನಡುವೆ ಕಥೆ ಬರೆಯುತ್ತ ನಲವತ್ತು ದಾಟಿದೆ.

ಕುಮಟಾ ಬಿಟ್ಟು ವನ್ನಳ್ಳಿಯ ಗುಡ್ಡ ಏರಿದ ಮೇಲೆ ಮಾತು ನಿಂತಿತು. ಮುರಕಲ್ಲಿನ ಕಾಲುದಾರಿ, ಗೇರು, ಕುರುಚಲು ಕಾಡು. ಕಾಡಿನ ಕತ್ತಲೆಯಿಂದ ಹೊರಬಿದ್ದರೆ ಥಟ್ಟನೆ ಒಂದು ಮರಳ ದಂಡೆ. ಅದು ಮುಗಿದರೆ ಮತ್ತೆ ಗುಡ್ಡ. ಮರಳಿನಲ್ಲಿ ಕಾಲು ಹುಗಿಯುತ್ತದೆ, ಬಂಡೆಯ ಮೇಲೆ ಜಾರುತ್ತದೆ. ಹುಡುಗ ಕಡ್ಲೆ ದಂಡೆಯಲ್ಲಿ ನನಗಾಗಿ ಮೂರು ಸಲ ಕಾದ, ಒಮ್ಮೆಯೂ ಬೇಸರ ತೋರಲಿಲ್ಲ. ರಾತ್ರಿ ಕಾಗಾಲದಲ್ಲಿ, ನಡೆಯುವವರಿಗೆ ಜಾಗ ಕೊಡುವ ಒಂದು ಮನೆಯ ಜಗಲಿಯಲ್ಲಿ ಮಲಗಿದೆವು. ನಿದ್ದೆಯೆಲ್ಲಿ ಬರಬೇಕು! ರಾತ್ರಿಯಿಡೀ ಯಾರೋ ಅಕ್ಕಿಮೂಟೆ ಸುರಿದಂತೆ ತೆರೆಯ ಸದ್ದು. ಫಜ್ರ್ ನಮಾಜು ಮುಗಿಸಿ ನಸುಗತ್ತಲೆಯಲ್ಲೇ ಅಘನಾಶಿನಿಯ ದೋಣಿಕಟ್ಟೆಗೆ ನಡೆದೆವು. ನದಿ ದಾಟಿದರೆ ತದಡಿ.

ದೋಣಿ ಕಾಯುತ್ತ ಒಬ್ಬ ಹಿರಿಯರು ಕುಳಿತಿದ್ದರು. ಟೋಪಿ, ಬಿಳಿ ಗಡ್ಡ, ಪಕ್ಕದಲ್ಲಿ ಮೀನಿನ ಬುಟ್ಟಿ. ಹುಡುಗ ಸಲಾಂ ಹೇಳಿ ಸಲೀಸಾಗಿ ಉರ್ದುವಿನಲ್ಲಿ ಮಾತು ಶುರು ಮಾಡಿದ. ಸಲಾಂ ಮಾತ್ರ ಮರಳಿ ಬಂತು. ಉಳಿದದ್ದು ಅವರಿಗೆ ತಿಳಿಯಲಿಲ್ಲ. ಅವರು ಆಡಿದ್ದು ಕೊಂಕಣಿಗೆ ಹತ್ತಿರದ ಮಾತು. ಅದು ನಮಗೆ ತಿಳಿಯಲಿಲ್ಲ. ಈ ಕರಾವಳಿಯಲ್ಲಿ ತಲೆಮಾರುಗಳಿಂದ ಮೀನು ಹಿಡಿಯುವ ದಾಲ್ದಿ ಮುಸ್ಲಿಮರು ಅವರು. ಒಂದು ಗಳಿಗೆ ಮೂವರೂ ಮುಖ ಮುಖ ನೋಡಿದೆವು.

"ಎಲ್ಲಿಂದ ಬಂದ್ರಿ?" ಎಂದರು, ಕನ್ನಡದಲ್ಲಿ.

"ಬಳ್ಳಾರಿ ಕಡೀಂದ ರೀ" ಎಂದೆ. ಅವರ ಕನ್ನಡ ಬೇರೆ, ನಮ್ಮದು ಬೇರೆ. ಆದರೂ ದೋಣಿ ಬರುವ ತನಕ ಮಾತು ನಿಲ್ಲಲಿಲ್ಲ. ಸಿರುಗುಪ್ಪದ ಭತ್ತದ ಮಾತು ಬಂತು. ತುಂಗಭದ್ರಾ ಕಾಲುವೆಯ ನೀರು ಹೆಚ್ಚಾಗಿ, ಬಸಿದು ಹೋಗಲು ದಾರಿಯಿಲ್ಲದೆ ಉಪ್ಪು ಮೇಲೆದ್ದು ಅಪ್ಪನ ಎರಡು ಎಕರೆ ಸವಳಾದ ಕಥೆಯನ್ನು ಹುಡುಗ ಹೇಳಿದ. ಅಣ್ಣ ಅದನ್ನು ಮಾರಬೇಕೆಂದಿದ್ದಾರೆ.

"ಸವಳು ಅಂದ್ರೆ ಉಪ್ಪಲ್ವಾ? ಉಪ್ಪಲ್ಲೇ ನಮ್ಮ ಕಗ್ಗ ಬೆಳೀತದೆ" ಎಂದರು ಹಿರಿಯರು. ಭರತದಲ್ಲಿ ಸಮುದ್ರದ ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಮಳೆ ಬಿದ್ದು ಉಪ್ಪು ತೊಳೆದ ಮೇಲೆ ಬಿತ್ತುವ, ನೆರೆ ಬಂದರೂ ತಾಳುವ, ಗೊಬ್ಬರ ಕೇಳದ ಎತ್ತರದ ಭತ್ತ ಅದು. ಇಳುವರಿ ಕಡಿಮೆ, ಬೆಳೆಯುವವರೂ ಕಡಿಮೆಯಾಗಿದ್ದಾರೆ. ಈ ಅಳಿವೆಯನ್ನು ರಾಮ್ಸರ್ ಪಟ್ಟಿಗೆ ಸೇರಿಸಿದ ಸುದ್ದಿ 2024ರ ಜನವರಿಯಲ್ಲಿ ಬಂದಿತ್ತು. ಹಿಂದೆ ನಮ್ಮ ಜಿಲ್ಲೆಯಲ್ಲೇ ಇದ್ದ ಅಂಕಸಮುದ್ರವೂ ಅದೇ ಪಟ್ಟಿಯಲ್ಲಿತ್ತು. ನಾನದನ್ನು ಹೇಳಿದೆ. ಹಿರಿಯರಿಗೆ ಪಟ್ಟಿಗಿಂತ ಬೀಜದ ಚಿಂತೆ. "ನಿಮ್ಮ ಮಣ್ಣಿಗೆ ಆಗ್ತದೋ ಇಲ್ವೋ, ಕೇಳಿ ನೋಡಿ" ಎಂದರು. ಅದು ಸರಿಯೇ. ನಮ್ಮ ಹೊಲಕ್ಕೆ ಮೊದಲು ಬೇಕಾದದ್ದು ನೀರು ಬಸಿಯುವ ಕಾಲುವೆ.

ತದಡಿಯಲ್ಲಿ ಇಳಿದು, ಬೇಲೆಕಾನ್, ಪ್ಯಾರಡೈಸ್, ಹಾಫ್ ಮೂನ್ ದಾಟಿದೆವು. ಅದು ದಾರಿಯ ಚೆಂದದ ಭಾಗವೆಂದು ಎಲ್ಲರೂ ಹೇಳುತ್ತಾರೆ, ನನಗೆ ಮೊಣಕಾಲಿನ ನೋವೇ ಹೆಚ್ಚು ನೆನಪಿದೆ.

ಓಂ ಬೀಚಿನ ಬಂಡೆಯ ಮೇಲೆ ಕುಳಿತು ಹುಡುಗ ಮನೆಗೆ ಫೋನು ಮಾಡಿದ. "ಅಬ್ಬಾ, ಇದರ್ ಸವಳು ಜಮೀನ್ ಮೆಂ ಬೀ ಭತ್ತ ಹೋತಾ ಕತೆ." ಸವಳಿನ ಹೊಲದಲ್ಲೂ ಭತ್ತ ಬರುತ್ತದಂತೆ! ಆ ಕಡೆಯಿಂದ ಅಣ್ಣನ ದನಿ ನನಗೂ ಕೇಳಿಸಿತು.

"ಸವಳು ಮೆಂ? ಕೌನ್ ಬೋಲ್ಯಾ?"