ಜಗಲಿ ಮೇಲೆ ಹಣ್ಣು ಇಟ್ಟವರು ಯಾರು? (ಭಾಗ 6)

ಫೋಟೋದಲ್ಲಿರೋದು ಶೆಟಗೇರಿಯ ನಮ್ಮನೆ ಹಿತ್ತಲಿನ ಕರಿ ಇಷಾಡ. ಮೇ ತಿಂಗಳಲ್ಲಿ ತೆಗೆದದ್ದು. ಝೂಮ್ ಮಾಡಿ ನೋಡಿ, ಒಂದೇ ಒಂದು ಕಾಯಿ ಇಲ್ಲ. ಇದು ಎರಡನೇ ವರ್ಷ.

ಹೋದ ವಾರ ಕೇಳಿದ್ದೆ, ಮುಂದಿನ ಭಾಗ ಎಂತ ಬರೀಲಿ ಅಂತ. "ಸೈ-ಫೈ ಪತ್ತೇದಾರಿ, ಆದ್ರೆ ಯಾರೂ ಸಾಯಬಾರದು" ಅಂದ್ರಿ. ಸರಿ, ತಗೊಳ್ಳಿ.

2076. ಅಂಕೋಲೆಯಲ್ಲಿ ಚಳಿ ಅನ್ನೋದೇ ಇಲ್ಲ. ಮಾವು ಚೆನ್ನಾಗಿ ಹೂ ಬಿಡೋಕೆ ಚಳಿಗಾಲದಲ್ಲಿ ಒಂದಷ್ಟು ದಿನ ತಣ್ಣನೆ, ಒಣ ರಾತ್ರಿ ಬೇಕು. ಸೆಕೆ ಇದ್ರೆ ಹೂವಿನ ಬದಲು ಚಿಗುರು ಬರ್ತದೆ. (ಇದು ಕಥೆಯಲ್ಲ, ಈಗ್ಲೂ ನಿಜ.) ಹಾಗಾಗಿ ಇಷಾಡದ ರುಚಿ ಗೊತ್ತಿರೋದು ಮುದುಕರಿಗೆ ಮಾತ್ರ. ಆದ್ರೆ ಪ್ರತಿ ಮೇ ತಿಂಗಳು ಯಾರೋ ಒಬ್ಬ ಮುದುಕರ ಜಗಲಿ ಮೇಲೆ, ಎಲೆಯಲ್ಲಿ ಸುತ್ತಿದ ಒಂದು ಹಣ್ಣು ಇರ್ತದೆ.

ಪತ್ತೇದಾರಿ ನಮ್ಮಂಥವಳೇ. ಬಿಕಾಂ ಮುಗಿಸಿ ಮೀನಿನ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯೋಳು. ಹಣ್ಣಿನ ಸಿಪ್ಪೆ ತೆಳು, ತಿರುಳು ಜಾಸ್ತಿ. ಹಾಗಾದ್ರೆ ಕರಿ ಇಷಾಡವೇ, ಬಿಳಿಯದ್ದರ ಸಿಪ್ಪೆ ದಪ್ಪ. ಗೊರಟೆ ನೆಟ್ಟರೆ ಅದೇ ರುಚಿ ಬರ್ತದೆ ಅನ್ನೋ ಗ್ಯಾರಂಟಿ ಇಲ್ಲ, ಹಳೇ ಮರದ ಕಡ್ಡಿ ತಂದು ಕಸಿ ಕಟ್ಟಬೇಕು. ಅಂದ್ರೆ ಮರಗಳೆಲ್ಲ ಸಾಯೋ ಮೊದಲು ಯಾರೋ ಕಡ್ಡಿ ಕೊಯ್ದಿಟ್ಟಿದ್ದಾರೆ. ಕೊನೇ ಸುಳಿವು ಅವಳ ಲೆಡ್ಜರಲ್ಲೇ ಇತ್ತು: ದೋಣಿ ಇಳಿಯದ ರಾತ್ರಿಗಳಲ್ಲೂ ಕರೆಂಟ್ ಬಿಲ್ ಏರಿದೆ, ಡಿಸೆಂಬರಲ್ಲಿ ಮಾತ್ರ.

ಹಿಂದಿನ ಗೋದಾಮಿನ ಬಾಗಿಲು ತೆಗೆದ್ರೆ, ಚಕ್ರ ಹಾಕಿದ ಡ್ರಮ್ಮಲ್ಲಿ ಗಿಡ್ಡ ಮಾವಿನ ಮರ. ಹಗಲು ಬಿಸಿಲಿಗೆ, ರಾತ್ರಿ ಐಸಿನ ಪಕ್ಕ. ಸ್ವೆಟರ್ ಹಾಕ್ಕೊಂಡು ಕೂತ ವಾಚ್‌ಮನ್ ಅಜ್ಜ ಹೇಳ್ತಾನೆ, "ಬಿಲ್ಲು ನನ್ನ ಸಂಬಳದಲ್ಲಿ ಮುರ್ಕೊ ತಂಗಿ." ಅವಳು 'ಇತರೆ ಖರ್ಚು' ಅಂತ ಬರೆದು ಪುಸ್ತಕ ಮುಚ್ತಾಳೆ.

ಆ ಅಜ್ಜನನ್ನ ಬರೀವಾಗ ತಲೇಲಿ ಇದ್ದದ್ದು ನಮ್ಮದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು. ಶಾಲೆಗೆ ಹೋದವರಲ್ಲ, ಆದ್ರೆ ಕಾಡಲ್ಲಿ ಯಾವುದು ತಾಯಿ ಮರ ಅಂತ ಗುರುತಿಸಿ ಬೀಜ ತರ್ತಿದ್ರು. 2021ರಲ್ಲಿ ಬರಿಗಾಲಲ್ಲೇ ಹೋಗಿ ಪದ್ಮಶ್ರೀ ತಗೊಂಡ್ರು. 2024ರ ಡಿಸೆಂಬರಲ್ಲಿ ತೀರ್ಕೊಂಡ್ರು. ಇಷ್ಟು ಹತ್ರ ಇದ್ದೂ ನಾನು ಒಮ್ಮೆಯೂ ಹೋಗಿ ಮಾತಾಡ್ಸಿಲ್ಲ. ರೀಲ್ ಶೇರ್ ಮಾಡಿದ್ದೆ, ಅಷ್ಟೇ.

ಈಗ ಫೋಟೋದ ಮರಕ್ಕೆ ಬರ್ತೆ. ಮಳೆಗಾಲ ಮುಗಿದ ಮೇಲೆ ಅಪ್ಪ ಅದನ್ನ ಕಡಿಸ್ತಾರೆ. ಅವ್ರು ಹೇಳೋದೂ ಸುಳ್ಳಲ್ಲ, ಕೊಂಬೆ ಹಂಚಿನ ಮೇಲೇ ಬಾಗಿದೆ, ಗಾಳಿ ಬಂದ್ರೆ ಅಜ್ಜಿ ಆ ಕೋಣೇಲಿ ಮಲಗೋದಿಲ್ಲ. 2023ರಲ್ಲಿ ಅಂಕೋಲಾ ಕರಿ ಇಷಾಡಕ್ಕೆ ಜಿಐ ಟ್ಯಾಗ್ ಸಿಕ್ಕಿದೆ ಅಪ್ಪಾ ಅಂದೆ. "ಟ್ಯಾಗ್ ಹಾಕಿ ಸಾರು ಮಾಡ್ಲಿಕ್ಕೆ ಬರ್ತದ್ಯಾ?" ಅಂದ್ರು. ನಾವು ಓದೋ ಇಂಡ್ ಎಎಸ್ 16ರಲ್ಲಿ ಹಣ್ಣಿನ ಮರ ಯಂತ್ರಗಳ ಸಾಲಲ್ಲಿ ಬರ್ತದೆ, ಮರದ ಮೇಲಿನ ಹಣ್ಣು 41ರಲ್ಲಿ. ಕಸಿ ಕಡ್ಡಿ ಯಾವ ಕಾಲಮ್ಮಿಗೆ ಬರ್ತದೆ, ಸೆಕೆಂಡ್ ಬೆಂಚಿನವರು ಹೇಳಿ ನೋಡುವ.

ಹೋದ ಮಳೆಗಾಲ ಮೂರು ಕಸಿ ಕಟ್ಟಿದ್ದೆ. ಮೂರೂ ಒಣಗಿದ್ವು. "ನೀ ಕಟ್ಟಿದ್ದು ಕಸಿ ಅಲ್ಲ, ಬ್ಯಾಂಡೇಜು" ಅಂತ ಅಜ್ಜಿ ನಕ್ಕಿದ್ರು. ಈ ಸಲ ಹಾಲಿನ ಪ್ಯಾಕೆಟಲ್ಲಿ ಐದು ಕಾಟು ಮಾವಿನ ಸಸಿ ಎಬ್ಬಿಸಿಟ್ಟಿದ್ದೇನೆ.

ಕಸಿ ಕಟ್ಲಿಕ್ಕೆ ಬರೋ ಅಜ್ಜ, ಅಜ್ಜಿ ನಿಮ್ಮನೇಲಿ ಯಾರಾದ್ರೂ ಇದ್ರೆ ಮೆಸೇಜ್ ಹಾಕಿ. ಭಾನುವಾರ ಬಸ್ ಹತ್ತಿ ಬರ್ತೆ. ಬ್ಲೇಡು, ಪ್ಲಾಸ್ಟಿಕ್ ಪಟ್ಟಿ ನಂದೇ.

#ಕರಿಇಷಾಡ #ಶೆಟಗೇರಿ