ಬೆಳ್ಳಿಯ ಮೇಲಿನ ಸಾಕ್ಷಿ

ಇಂಗ್ಲೆಂಡಿನ ಹಳೆಯ ಬೆಳ್ಳಿಯ ಚಮಚೆ ಕೈಗೆ ಬಂದರೆ ನಾನು ಮೊದಲು ಅದನ್ನು ಬೋರಲು ಹಿಡಿಯುವೆನು. ಅದರ ಜಾತಕವಿರುವುದು ಬೆನ್ನಿನ ಮೇಲೆ. ನಡೆಯುವ ಸಿಂಹವು ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿಯೆಂಬುದಕ್ಕೆ ಸಾಕ್ಷಿ. ಲಂಗರಿದ್ದರೆ ಬರ್ಮಿಂಗ್‌ಹ್ಯಾಮ್, ಬೇರೆ ಊರಿನ ಗುರುತಿಲ್ಲದೆ ಚಿರತೆಯ ಮುಖವೊಂದೇ ಇದ್ದರೆ ಲಂಡನ್. 1784ರಿಂದ 1890ರ ವರೆಗಿನ ವಸ್ತುಗಳಲ್ಲಿ ರಾಜನ ಇಲ್ಲವೆ ರಾಣಿಯ ತಲೆಯು ಸುಂಕ ಸಂದುದಕ್ಕೆ ರಸೀದಿ. ಹೆಸರಿನ ಮೊದಲಕ್ಷರಗಳು ಅಕ್ಕಸಾಲಿಗನವು.

ಇವುಗಳ ನಡುವೆ ಒಂಟಿ ಅಕ್ಷರವೊಂದುಂಟು. ಅದು ವರ್ಷದ ಗುರುತು. ಲಂಡನ್ನಿನಲ್ಲಿ ಇಪ್ಪತ್ತು ಅಕ್ಷರಗಳು ತೀರಿದೊಡನೆ ಬರಹದ ರೂಪವನ್ನು ಬದಲಿಸಿ ಮತ್ತೆ ಮೊದಲಿನಿಂದ ತೊಡಗುವ ರೂಢಿಯಿದ್ದಿತು. ಆದುದರಿಂದ ಅಕ್ಷರದೊಡನೆ ಅದರ ಆಕಾರವನ್ನೂ ಅದರ ಸುತ್ತಣ ಚೌಕಟ್ಟನ್ನೂ ನೋಡಬೇಕು.

ಇದರಿಂದ ನಾವು ವಸ್ತುವಿನ ವಯಸ್ಸನ್ನು ಎಣಿಸುತ್ತೇವೆ. ಆದರೆ 1478ರಲ್ಲಿ ಇದು ಹುಟ್ಟಿದುದು ನಮಗಾಗಿಯಲ್ಲ. ಮುದ್ರೆ ಬಿದ್ದ ಬೆಳ್ಳಿ ಕೀಳಾಗಿದ್ದರೆ ಅಕ್ಕಸಾಲಿಗರ ಸಂಘವೇ ಹೊಣೆಯೆಂದು ಶಾಸನವಾದಾಗ, ಆ ವರ್ಷ ಪರೀಕ್ಷಿಸಿದವನು ಯಾರೆಂದು ಮುಂದೆ ತಿಳಿಯಲೆಂದು ಈ ಅಕ್ಷರವನ್ನು ಒತ್ತತೊಡಗಿದರು. ಬೇಲಿಯೇ ಎದ್ದು ಹೊಲ ಮೇಯದಂತೆ ಬೇಲಿಗೂ ಒಂದು ಕಾವಲು.

ಮಾಡುವವನನ್ನು ಶಂಕಿಸುವುದು ಎಲ್ಲ ದೇಶಗಳಲ್ಲಿಯೂ ಉಂಟು. ಪರೀಕ್ಷಿಸುವವನನ್ನೂ ಉತ್ತರ ಹೇಳುವಂತೆ ಮಾಡಿದ ಈ ಪುಟ್ಟ ಅಕ್ಷರವು ನನಗೆ ಸಿಂಹಕ್ಕಿಂತ ದೊಡ್ಡದಾಗಿ ಕಾಣುವುದು.