ಮೌಸ್ ಹಿಡಿದವರು ಮಾತಾಡುವಂತಿಲ್ಲ

1979ರಲ್ಲಿ ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಸೇರಿದಾಗ ಅಲ್ಲಿದ್ದ ಪಾಠೋಪಕರಣಗಳೆಲ್ಲ ಒಂದು ಗೋಣಿಚೀಲದಲ್ಲಿ ಹಿಡಿಯುತ್ತಿದ್ದವು. ಮಡಿಕೆಗಳಲ್ಲಿ ಹರಿದು, ಹಿಂದಿನಿಂದ ಬಟ್ಟೆ ಅಂಟಿಸಿದ ಕರ್ನಾಟಕದ ಭೂಪಟ, ಒಂದು ಮಣಿಚೌಕಟ್ಟು, ಲೆಕ್ಕಕ್ಕೆ ಒಂದು ಸೇರು ಹುಣಸೆ ಬೀಜ, ಎರಡು ಪೊಟ್ಟಣ ಸೀಮೆಸುಣ್ಣ. ಮಕ್ಕಳ ಕೈಯಲ್ಲಿ ಕಲ್ಲಿನ ಸ್ಲೇಟು, ಶೆಟ್ಟರ ಅಂಗಡಿಯಲ್ಲಿ ಐದು ಪೈಸೆಗೊಂದು ಸಿಗುತ್ತಿದ್ದ ಬಳಪ. ಕರಿಹಲಗೆ ಬೆಳ್ಳಗಾದರೆ ಹುಡುಗರು ಗದ್ದೆ ಬದುವಿನಿಂದ ಗರಗದ ಸೊಪ್ಪು ತರುತ್ತಿದ್ದರು. ಅದಕ್ಕೆ ಒಲೆಯ ಇದ್ದಿಲು, ಹಳೆಯ ಸೆಲ್ಲು ಒಡೆದು ತೆಗೆದ ಮಸಿ ಸೇರಿಸಿ ಒರಳಿನಲ್ಲಿ ಅರೆದು ಹಲಗೆಗೆ ಬಳಿಯುತ್ತಿದ್ದರು. ಎರಡು ದಿನ ಕೋಣೆಯೆಲ್ಲ ಹಸಿ ಸೊಪ್ಪಿನ ವಾಸನೆ. ಸೊಪ್ಪಿಗೆ ಯಾರು, ಇದ್ದಿಲಿಗೆ ಯಾರು, ಏಣಿ ಹಿಡಿಯುವವರು ಯಾರು ಎಂಬುದನ್ನೆಲ್ಲ ಅವರೇ ಮಾತಾಡಿಕೊಂಡು ಹಂಚಿಕೊಳ್ಳುತ್ತಿದ್ದರು. ಪಾಠದ ಹೊತ್ತಿನಲ್ಲಿ ಬಾಯಿ ಬಿಡದ ಮಕ್ಕಳೂ ಆ ದಿನ ಮಾತಾಡುತ್ತಿದ್ದರು. ಇಪ್ಪತ್ತಮೂರರ ನಾನು ಅದನ್ನು ನೋಡಿ ಬೆರಗಾಗುತ್ತಿದ್ದೆ.

ಟಿವಿಯಿಂದ ಪಾಠ ಹೇಳಬಹುದು ಎಂದು ನನಗೆ ಮೊದಲು ತಿಳಿದದ್ದು ಭಾವನ ಕಾಗದದಿಂದ. ಅವರು ರಾಯಚೂರು ಜಿಲ್ಲೆಯಲ್ಲಿ ಮೇಷ್ಟರಾಗಿದ್ದರು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಕಳಿಸಲಾಗುತ್ತಿತ್ತು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ರಾಯಚೂರು, ಗುಲ್ಬರ್ಗ, ಬಿಜಾಪುರ ಸೀಮೆಯದು. ಕೋಳಿಗೂಡಿಗೆ ಹೊಡೆಯುವ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ. ಬೆಳಗಿನ ಒಂದೂವರೆ ಗಂಟೆ ಮಕ್ಕಳಿಗೆ, ಅದರಲ್ಲಿ ನಾಲ್ಕು ಭಾಷೆಗಳು, ಕನ್ನಡದ ಪಾಲಿಗೆ ಇಪ್ಪತ್ತೆರಡೂವರೆ ನಿಮಿಷ. ಆಗ ನಾನು ಶಿಕ್ಷಕ ತರಬೇತಿಯ ಟಿಸಿಎಚ್ ಓದುತ್ತಿದ್ದೆ. ಭಾವ ಬರೆದಿದ್ದರು: ಟಿವಿ ಮುಂದೆ ಮಕ್ಕಳು ಕದಲುವುದಿಲ್ಲ, ಆದರೆ ಮುಗಿದ ಮೇಲೆ ಏನು ನೋಡಿದಿರಿ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಎಲ್ಲರದನ್ನೂ ಕೂಡಿಸಿ ಜಗಳವಾಡಿದ ಮೇಲೆಯೇ ಪಾಠ ಪೂರ್ತಿಯಾಗುವುದು, ಅದಕ್ಕೆ ಒಂದು ಗಂಟೆ ಬೇಕು. ಮುಂದೆ ಮೂವತ್ತೇಳು ವರ್ಷ ಪಾಠ ಹೇಳಿದ ನನಗೆ ಆ ಕಾಗದ ಯಾವ ತರಬೇತಿಗಿಂತಲೂ ಹೆಚ್ಚು ಕೆಲಸಕ್ಕೆ ಬಂತು.

ನಮ್ಮ ಶಾಲೆಗೆ ಬಂದದ್ದು ರೇಡಿಯೊ. ಅದರ ಜಾಗ ಹೆಡ್ಮೇಷ್ಟರ ಟ್ರಂಕಿನಲ್ಲಿ, ಟ್ರಂಕಿನ ಬೀಗದಕೈ ಅವರ ಉಡಿದಾರದಲ್ಲಿ. ಮೇಲೆ ಕಸೂತಿ ಹಾಕಿದ ಮುಸುಕು, ಸುತ್ತ ನುಸಿಗುಳಿಗೆ. ಮೈಸೂರು ಆಕಾಶವಾಣಿಯ ಶಾಲಾ ಕಾರ್ಯಕ್ರಮದ ಹೊತ್ತಿಗೆ ಅದು ಮೇಜಿನ ಮೇಲೆ ಬರುತ್ತಿತ್ತು. ಅದರೊಂದಿಗೆ ನುಸಿಗುಳಿಗೆಯ ವಾಸನೆಯೂ ಬರುತ್ತಿತ್ತು. ಮಕ್ಕಳು ಕೈಕಟ್ಟಿ ಕೂತು ಕೇಳಬೇಕು. ಹೆಡ್ಮೇಷ್ಟರನ್ನು ನಾನು ದೂರುವುದಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಅವರ ಸಹಿ ಇತ್ತು, ಕೆಟ್ಟರೆ ಅವರ ಸಂಬಳಕ್ಕೆ ಕತ್ತರಿ. ಆದರೂ ಹೇಳುತ್ತೇನೆ, ಮುಸುಕು ಹೊದಿಸಿ ಬೀಗ ಹಾಕಿದ ಯಾವ ಯಂತ್ರವೂ ನಮ್ಮ ಮಕ್ಕಳಿಗೆ ಒಂದಕ್ಷರ ಕಲಿಸಲಿಲ್ಲ.

ಆ ವರ್ಷಗಳಲ್ಲಿ ನಮಗೆ ನಿಜಕ್ಕೂ ಒದಗಿದ್ದು ಪೋಸ್ಟ್ ಕಾರ್ಡು. ಹದಿನೈದು ಪೈಸೆ. ದಕ್ಷಿಣ ಕನ್ನಡದ ಕಡಲತಡಿಯ ಒಂದು ಶಾಲೆಯಲ್ಲಿ ನನ್ನ ಜೊತೆ ಟಿಸಿಎಚ್ ಓದಿದ ಗೆಳತಿ ಇದ್ದಳು. ನಮ್ಮ ನಾಲ್ಕನೇ ಕ್ಲಾಸು ಅವರ ನಾಲ್ಕನೇ ಕ್ಲಾಸಿಗೆ ಕಾರ್ಡು ಬರೆಯುತ್ತಿತ್ತು. ಒಬ್ಬ ಹೇಳುವುದು, ಒಬ್ಬಳು ಬರೆಯುವುದು, ಉಳಿದವರು ತಪ್ಪು ಹಿಡಿಯುವುದು. ನಮ್ಮವರು ಆನೆ ರಾಗಿ ಹೊಲಕ್ಕೆ ನುಗ್ಗಿದ್ದನ್ನು ಬರೆದರು. ಅವರು ಹುಲ್ಲಿನ ಹಗ್ಗದಲ್ಲಿ ಬಿಗಿದ ಅಕ್ಕಿಮುಡಿಯ ಚಿತ್ರ ಬರೆದು ಕಳಿಸಿದರು. ನಿಮ್ಮ ಸೇರಿಗೆ ಎಷ್ಟು ಪಾವು ಎಂಬ ಪ್ರಶ್ನೆಗೆ ಇಲ್ಲಿಂದ ಉತ್ತರ ಹೋಗಿ, ಅಲ್ಲಿಂದ ಇನ್ನೊಂದು ಪ್ರಶ್ನೆ ಬರುವಷ್ಟರಲ್ಲಿ ತಿಂಗಳು ಕಳೆಯುತ್ತಿತ್ತು. ಒಮ್ಮೆ ಒಂದು ಪುಟ್ಟ ಪಾರ್ಸೆಲ್ ಬಂತು, ಒಳಗೆ ಕಪ್ಪೆಚಿಪ್ಪುಗಳು. ಸಮುದ್ರ ನೋಡದ ಮಕ್ಕಳು ಅವನ್ನು ಮೂಸಿ ನೋಡಿ ಉಪ್ಪು ಮೀನಿನ ವಾಸನೆ ಎಂದರು.

1995ರಲ್ಲಿ ನಮ್ಮ ತಾಲ್ಲೂಕಿನಲ್ಲೇ ನಲಿ-ಕಲಿ ಶುರುವಾಯಿತು. ಯುನಿಸೆಫ್ ನೆರವಿತ್ತು, ಆದರೆ ಅದರ ಕಲಿಕೆಯ ಕಾರ್ಡುಗಳನ್ನು ಬರೆದವರು ನಮ್ಮಂಥ ಮೇಷ್ಟರು, ಟೀಚರಮ್ಮಂದಿರೇ. ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದವರು ಇಲ್ಲಿಗೆ ಹೊಂದಿಸಿದರು. ರಟ್ಟಿನ ಕಾರ್ಡು, ಅದರ ಮೂಲೆಯಲ್ಲಿ ಪ್ರಾಣಿಯದೋ ಹಕ್ಕಿಯದೋ ಗುರುತು, ಗೋಡೆಯಲ್ಲಿ ಕಲಿಕೆಯ ಏಣಿ, ತಲೆಯ ಮೇಲೆ ಹುರಿಯಿಂದ ಕಟ್ಟಿದ ಚಪ್ಪರ. ಮಗು ತನ್ನ ಮೆಟ್ಟಿಲು ತಾನೇ ನೋಡಿಕೊಂಡು ಕಾರ್ಡು ತೆಗೆದುಕೊಂಡು ತನ್ನ ಗುಂಪಿನ ತಟ್ಟೆಯ ಬಳಿ ಹೋಗಿ ಕೂರಬೇಕು. ಒಂದು ಗುಂಪಿಗೆ ನಾನು, ಇನ್ನೊಂದಕ್ಕೆ ಗೆಳೆಯರು, ಮತ್ತೊಂದು ತನ್ನಷ್ಟಕ್ಕೆ ತಾನು. 2009-10ರಲ್ಲಿ ಇದು ಇಡೀ ರಾಜ್ಯಕ್ಕೆ ಹೋಯಿತು. ಯಂತ್ರಗಳ ಕಥೆಯಲ್ಲಿ ರಟ್ಟಿನ ಕಾರ್ಡು ಯಾಕೆ ಬಂತು ಎಂದು ನೀವು ಕೇಳಬಹುದು. ಆಮೇಲೆ ತೆರೆಯ ಮುಂದೆ ಮಕ್ಕಳನ್ನು ಹೇಗೆ ಕೂರಿಸಬೇಕು ಎಂಬುದನ್ನು ನಾನು ಕಲಿತದ್ದು ಆ ತಟ್ಟೆಗಳ ಸುತ್ತ.

2000 ದಾಟಿದ ಮೇಲೆ ರೇಡಿಯೊ ಇನ್ನೊಮ್ಮೆ ಬಂತು, ಈ ಸಲ ‘ಚಿಣ್ಣರ ಚುಕ್ಕಿ’ಯಾಗಿ. ಅಷ್ಟರಲ್ಲಿ ನಾನು ಗುಂಡ್ಲುಪೇಟೆ ತಾಲ್ಲೂಕಿಗೆ ವರ್ಗವಾಗಿದ್ದೆ. ಹಳೆಯ ಶಾಲಾ ಪ್ರಸಾರಕ್ಕೂ ಇದಕ್ಕೂ ಅಜಗಜಾಂತರ. ರೇಡಿಯೊದೊಳಗಿನವರು ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು. ಆ ಕೆಲವು ಸೆಕೆಂಡಿನಲ್ಲಿ ಮಕ್ಕಳು ಕೂಗಿ ಉತ್ತರ ಹೇಳಬೇಕು, ಚಪ್ಪಾಳೆ ತಟ್ಟಬೇಕು, ಪಕ್ಕದವರ ಬೆರಳು ಎಣಿಸಬೇಕು. ಆಮೇಲೆ ರೇಡಿಯೊ ಸರಿಯುತ್ತರ ಹೇಳುತ್ತಿತ್ತು. ಯಾವ ಮುಸುಕೂ ಇಲ್ಲದೆ ರೇಡಿಯೊ ನೆಲದ ಮೇಲೆ, ನಡುಮಧ್ಯೆ ಇರುತ್ತಿತ್ತು. ಒಬ್ಬ ಹುಡುಗನಿಗೆ ಅದರೊಳಗಿನವರು ತನ್ನ ಉತ್ತರ ಕೇಳಿಸಿಕೊಂಡೇ ಮುಂದಕ್ಕೆ ಹೋಗುತ್ತಾರೆ ಎಂಬ ನಂಬಿಕೆ. ಅವನನ್ನು ಯಾರೂ ತಿದ್ದಲಿಲ್ಲ.

ಅದೇ ಸುಮಾರಿಗೆ, 2004ರ ಸೆಪ್ಟೆಂಬರ್‌ನಲ್ಲಿ, ಪಾಠಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಅದರ ಪ್ರಾಥಮಿಕ ಶಾಲೆಯ ಪ್ರಯೋಗಕ್ಕೆ ಆಯ್ದದ್ದು ನಮ್ಮ ಚಾಮರಾಜನಗರ ಜಿಲ್ಲೆಯನ್ನೇ, 800ಕ್ಕೂ ಹೆಚ್ಚು ಶಾಲೆಗಳು. ಸೂರಿನ ಮೇಲೆ ಡಿಶ್, ಒಳಗೆ ಬಣ್ಣದ ಟಿವಿ. ಚಿತ್ರ ಚೆಂದವಿತ್ತು, ಆದರೆ ಟಿವಿ ಯಾರ ಉತ್ತರಕ್ಕೂ ಕಾಯುತ್ತಿರಲಿಲ್ಲ. ನನಗೆ ಭಾವನ ಕಾಗದ ನೆನಪಾಯಿತು. ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ ಮಾತು, ಒಂದಕ್ಕೆ ಚಿತ್ರ, ಒಂದಕ್ಕೆ ಅಂಕಿ, ಒಂದಕ್ಕೆ ಅರ್ಥವಾಗದ್ದನ್ನು ಗುರುತು ಹಾಕಿಕೊಳ್ಳುವ ಕೆಲಸ ಕೊಟ್ಟೆ. ಟಿವಿ ಆರಿಸಿದ ಮೇಲೆ ನಾಲ್ಕೂ ಗುಂಪು ಬೆರೆತು ಪಾಠ ಕಟ್ಟುತ್ತಿದ್ದವು. ನಾಲ್ಕನೆಯ ಗುಂಪಿಗೆ ಸೇರಲು ಪೈಪೋಟಿ ಇರುತ್ತಿತ್ತು.

ಕಂಪ್ಯೂಟರ್ ಬಂದಾಗ ಅದಕ್ಕೆ ಶಾಲೆಯ ಅತಿ ಒಳ್ಳೆಯ ಕೋಣೆ ಸಿಕ್ಕಿತು. ಕಿಟಕಿಗೆ ಸರಳು, ಬಾಗಿಲಿಗೆ ಎರಡು ಬೀಗ, ಹೊಸಿಲಾಚೆ ಚಪ್ಪಲಿ. ಮತ್ತೆ ಮುಸುಕು! ಅದನ್ನು ಮೊದಲ ವಾರವೇ ತೆಗೆಸಿ ಕೈ ಒರೆಸುವ ಬಟ್ಟೆ ಮಾಡಿದೆ. ಅಜೀಂ ಪ್ರೇಮ್‌ಜಿ ಫೌಂಡೇಷನ್ ಕನ್ನಡದಲ್ಲಿ ಮಾಡಿಸಿದ ಪಾಠದ ಸಿ.ಡಿ.ಗಳು ನಮಗೆ ಸಿಕ್ಕವು. ಒಂದು ಯಂತ್ರಕ್ಕೆ ಮೂವರು ಮಕ್ಕಳು. ಎರಡೇ ದಿನದಲ್ಲಿ ತಿಳಿಯಿತು, ಮೌಸ್ ಹಿಡಿದವನು ಆಡುತ್ತಾನೆ, ನಡುವಿನವಳು ನೋಡುತ್ತಾಳೆ, ತುದಿಯವಳು ಕಿಟಕಿಯಾಚೆ ನೋಡುತ್ತಾಳೆ. ಆಗ ನಾನೊಂದು ಕಟ್ಟಳೆ ತಂದೆ. ಮೌಸ್ ಹಿಡಿದವರು ಮಾತಾಡುವಂತಿಲ್ಲ. ಮಾತಾಡುವವರು ಮೌಸ್ ಮುಟ್ಟುವಂತಿಲ್ಲ. ಮೂರನೆಯವರು ಯಾಕೆ ಹಾಗೆ ಮಾಡಿದೆವು ಎಂದು ಬರೆಯಬೇಕು. ಗಂಟೆ ಹೊಡೆದರೆ ಜಾಗ ಬದಲು. ಈಗ ಮೌಸ್ ಹಿಡಿದವನಿಗೆ ಹೇಳುವವಳ ಮಾತನ್ನು ಕೇಳದೆ ದಾರಿಯಿಲ್ಲ. ಹೇಳುವವಳಿಗೆ ‘ಅದು, ಅಲ್ಲಿ’ ಎಂದರೆ ಸಾಲದು, ಎಡಕ್ಕೆ ಎಷ್ಟು, ಮೇಲಿನಿಂದ ಎಷ್ಟನೆಯದು ಎಂದು ಬಿಡಿಸಿ ಹೇಳಬೇಕು. ಭಿನ್ನರಾಶಿಯ ಪಾಠದಲ್ಲಿ, ಕಿಟಕಿಯಾಚೆ ನೋಡುತ್ತಿದ್ದ ಹುಡುಗಿ ಹೇಳುವವಳಾದಳು. ‘ಮುಕ್ಕಾಲು ರೊಟ್ಟಿ ತೆಗಿ ಅಂದ್ರೆ ಅರ್ಧ ತೆಗೀತೀಯಲ್ಲೋ, ಇನ್ನೊಂದು ಕಾಲು ಸೇರ್ಸು’ ಎಂದು ಅವಳು ಗದರಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆ ಧ್ವನಿಯನ್ನು ನಾನು ಕೇಳಿದ್ದೇ ಅಂದು ಮೊದಲು.

ನುಡಿ ತಂತ್ರಾಂಶ ಹಾಕಿಸಿದ ಮೇಲೆ ಗೋಡೆ ಪತ್ರಿಕೆ ಶುರುಮಾಡಿದೆವು. ಅದರ ಕೀಲಿಮಣೆ ಕೆ.ಪಿ. ರಾವ್ ಅವರು ಹೊಂದಿಸಿದ ವಿನ್ಯಾಸದ್ದು. ಒತ್ತಕ್ಷರ ಬೇಕೆಂದರೆ ಎರಡು ವ್ಯಂಜನಗಳ ನಡುವೆ ಎಫ್ ಒತ್ತಬೇಕು. ಅಕ್ಕ ಎಂದು ಮೂಡಬೇಕಾದರೆ ಅ, ಕ, ಎಫ್, ಮತ್ತೆ ಕ. ವರ್ಷಗಟ್ಟಲೆ ಕಾಪಿ ಬರೆದರೂ ಒತ್ತು ತಪ್ಪಿಸುತ್ತಿದ್ದ ಮಕ್ಕಳು ಅಕ್ಷರವನ್ನು ಬಿಡಿಸಿ ಮತ್ತೆ ಜೋಡಿಸುವುದನ್ನು ಬೆರಳಿನಿಂದ ಕಲಿತರು. ಕರೆಂಟು ಹೋದ ದಿನ ಸ್ಲೇಟಿನ ಮೇಲೆ ಕೀಲಿಮಣೆ ಬರೆದುಕೊಂಡು ಅಭ್ಯಾಸ ಮಾಡುತ್ತಿದ್ದರು. ಆ ಕಂಪ್ಯೂಟರುಗಳು ಆಮೇಲೆ ಕೆಟ್ಟವು, ಕೊನೆಗೆ ಗುಜರಿಯವನ ತಕ್ಕಡಿ ಏರಿದವು. ಡಿಶ್ಶಿನ ಮೇಲೆ ಬಳ್ಳಿ ಹಬ್ಬಿತು. ಯಂತ್ರಗಳ ಆಯಸ್ಸು ಅಷ್ಟೇ, ಅದಕ್ಕೆ ನಾನು ಮರುಗಲಿಲ್ಲ.

2016ರಲ್ಲಿ ನಿವೃತ್ತಳಾದೆ. ಆಗ ಒಂದು ಜಿಬಿ ಡೇಟಾಕ್ಕೆ 250 ರೂಪಾಯಿ ಆಸುಪಾಸು. ವರ್ಷ ತಿರುಗುವುದರೊಳಗೆ ಬೆಲೆ ನೆಲಕ್ಕಿಳಿದು, ಹಳ್ಳಿಯ ಜಗಲಿಗಳಲ್ಲೆಲ್ಲ ಸ್ಮಾರ್ಟ್‌ಫೋನು ಕಂಡವು. 2017ರಲ್ಲಿ ದೀಕ್ಷಾ ಎಂಬ ಕಲಿಕೆಯ ಜಾಲತಾಣ ಬಂತು. ಪಠ್ಯಪುಸ್ತಕದ ಪುಟದಲ್ಲಿ ಕಪ್ಪು ಚೌಕದ ಕ್ಯೂಆರ್ ಕೋಡು, ಅದಕ್ಕೆ ಫೋನು ಹಿಡಿದರೆ ವಿಡಿಯೊ. ನನ್ನ ಸೊಸೆಯೂ ಗುಂಡ್ಲುಪೇಟೆ ತಾಲ್ಲೂಕಿನಲ್ಲೇ ಟೀಚರು. 2020ರಲ್ಲಿ ಶಾಲೆಗೆ ಬಾಗಿಲು ಬಿದ್ದು ವಿದ್ಯಾಗಮ ಶುರುವಾದಾಗ, ಮಕ್ಕಳನ್ನು ಮನೆಯಲ್ಲಿ ಫೋನಿಲ್ಲದವರು, ಸಾದಾ ಫೋನಿನವರು, ಇಂಟರ್‌ನೆಟ್ ಫೋನಿನವರು ಎಂದು ಮೂರು ಕಾಲ್ಪನಿಕ ಕೊಠಡಿಗಳಾಗಿ ವಿಂಗಡಿಸಬೇಕಿತ್ತು. ಅವಳು ಪಟ್ಟಿ ಹಿಡಿದು ಮನೆಗೆ ಬಂದು, ‘ಅತ್ತೆ, ಫೋನಿಲ್ಲದವರ ಪಟ್ಟಿಯೇ ಉದ್ದ’ ಎಂದಳು. ‘ಮೂರೂ ಬೆರೆಸಿ ಕೂರಿಸು, ಒಂದು ಫೋನಿಗೆ ನಾಲ್ಕು ಮಕ್ಕಳು ಸಾಕು’ ಎಂದೆ. ದೇವಸ್ಥಾನದ ಜಗಲಿಯಲ್ಲಿ, ಅರಳಿಕಟ್ಟೆಯಲ್ಲಿ ಹಾಗೇ ನಡೆಸಿದಳು, ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸುವವರೆಗೆ. ಆ ದಿನಗಳಲ್ಲಿ ಫೋನಿಲ್ಲದೆ ಹಿಂದುಳಿದ ಮಕ್ಕಳ ವಿಷಯದಲ್ಲಿ ನನಗೆ ಇಂದಿಗೂ ಸಮಾಧಾನವಿಲ್ಲ. ಹುಣಸೆ ಬೀಜ ಎಲ್ಲರಿಗೂ ಸಿಗುತ್ತಿತ್ತು, ಫೋನು ಹಾಗಲ್ಲ.

ಈಗ ಅವಳ ತರಗತಿಯಲ್ಲಿ ಗೋಡೆಗೆ ದೊಡ್ಡ ಟಿವಿ ಇದೆ. ಸ್ಟೋರಿವೀವರ್ ಜಾಲತಾಣದಿಂದ ಕನ್ನಡದ ಕಥೆ ತೆರೆದರೆ ಒಂದು ಸಾಲು ಒಂದು ಗುಂಪು ಓದುತ್ತದೆ, ಮುಂದಿನ ಪುಟ ತಿರುಗಿಸುವ ಮೊದಲು ಏನಾಗಬಹುದು ಎಂದು ಇನ್ನೊಂದು ಗುಂಪು ಹೇಳಬೇಕು. ಮಕ್ಕಳು ಅವಳ ಫೋನು ತೆಗೆದುಕೊಂಡು ಊರಿನ ಅಜ್ಜಿಯರ ಬಳಿ ಹೋಗಿ ಕೂರಿಗೆ, ಕುಂಟೆ, ವಂದರಿ, ರೋಣಗಲ್ಲು ಯಾವ ಕೆಲಸಕ್ಕೆ ಎಂದು ಕೇಳಿ ಧ್ವನಿಮುದ್ರಿಸಿ ತಂದಿದ್ದಾರೆ. ಒಬ್ಬಳು ಕೇಳುವವಳು, ಒಬ್ಬ ಫೋನು ಹಿಡಿಯುವವನು, ಒಬ್ಬ ಬರೆಯುವವನು. ಕಟ್ಟಳೆ ನನ್ನದೇ ಎಂದು ಅವಳು ಮಕ್ಕಳಿಗೆ ಹೇಳಿದ್ದಾಳಂತೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕಳೆದ ಆಗಸ್ಟಿನ ನೆರಳಿನ ಪಾಠ. ಗುಂಡ್ಲುಪೇಟೆ ಸೀಮೆಯಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 21 ಮತ್ತು ಆಗಸ್ಟ್ 22ರ ಆಸುಪಾಸು, ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ನೆಟ್ಟಗಿರುವ ಕೋಲಿಗೆ ಆಗ ನೆರಳಿರುವುದಿಲ್ಲ. ನಮ್ಮಲ್ಲಿ ಆ ಗಳಿಗೆ ಗಡಿಯಾರದ ಹನ್ನೆರಡಕ್ಕಲ್ಲ, 12 ಗಂಟೆ 25 ನಿಮಿಷದ ಸುಮಾರಿಗೆ. ಬೀದರ್ ಜಿಲ್ಲೆಯ ಒಂದು ಶಾಲೆಯ ಟೀಚರ ಪರಿಚಯ ಸೊಸೆಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಗಿತ್ತು. ಎರಡೂ ಕಡೆ ಒಂದು ಮೀಟರ್ ಕೋಲು ನೆಟ್ಟರು, ವಿಡಿಯೊ ಕರೆ ಹಚ್ಚಿದರು. ಇಲ್ಲಿ ಮೋಡ ಸರಿಯುವುದಕ್ಕೆ ಮಕ್ಕಳು ಉಸಿರು ಹಿಡಿದು ಕಾದರು. ಸರಿದಾಗ ಕೋಲಿನ ಬುಡದಲ್ಲಿ ನೆರಳಿರಲಿಲ್ಲ. ಬೀದರಿನಲ್ಲಿ ಅದೇ ಹೊತ್ತಿಗೆ ಹತ್ತು ಸೆಂಟಿಮೀಟರಿನಷ್ಟು ನೆರಳು, ಉತ್ತರಕ್ಕೆ. ಸೂರ್ಯ ಒಬ್ಬನೇ, ಕೋಲು ಒಂದೇ ಅಳತೆ, ಹಾಗಾದರೆ ನೆರಳು ಯಾಕೆ ಬೇರೆ? ಆ ಕಡೆಯ ಒಬ್ಬ ಹುಡುಗ ‘ನೆಲಾನೇ ಬಾಗೇದ್ರೀ ಟೀಚರ್’ ಎಂದನಂತೆ. ಭೂಮಿ ದುಂಡಗಿದೆ ಎಂದು ನಾನು ಕಿತ್ತಳೆಹಣ್ಣು ಹಿಡಿದು ವರ್ಷಗಟ್ಟಲೆ ಹೇಳಿದ್ದನ್ನು ಇವರು ಕೋಲು ನೆಟ್ಟು ತಾವೇ ಕಂಡುಕೊಂಡರು. ಪೋಸ್ಟ್ ಕಾರ್ಡಿನ ಕಾಲದಲ್ಲಿ ಇದು ಆಗುತ್ತಿರಲಿಲ್ಲ; ಉತ್ತರ ಬರುವ ಹೊತ್ತಿಗೆ ಸೂರ್ಯ ಸರಿದುಬಿಟ್ಟಿರುತ್ತಿದ್ದ.

ಬರುವ ವರ್ಷ ಕಾರವಾರದ ಕಡೆಯ ಒಂದು ಶಾಲೆಯೂ ಸೇರುತ್ತದೆ. ಆಗಸ್ಟಿನಲ್ಲಿ ಅಲ್ಲಿ ಬಿಸಿಲು ಬಿಡುವುದು ಕಷ್ಟ ಎಂದೆ. ಹಾಗಾದರೆ ಏಪ್ರಿಲ್‌ನಲ್ಲೇ ಮಾಡೋಣ, ರಜೆಯಾದರೂ ಮಕ್ಕಳು ಮನೆಯಂಗಳದಲ್ಲೇ ಕೋಲು ನೆಡಲಿ ಎಂದು ತೀರ್ಮಾನವಾಯಿತು. ಲೆಕ್ಕ ಹಾಕಿದ್ದಾರೆ: ನಮ್ಮಲ್ಲಿ ಏಪ್ರಿಲ್ 21, ಕಾರವಾರದಲ್ಲಿ ತಿಂಗಳ ಕೊನೆಗೆ, ಬೀದರಿಗೆ ಮೇ 11ರ ಹೊತ್ತಿಗೆ. ನೆರಳಿಲ್ಲದ ದಿನ ಇಪ್ಪತ್ತು ದಿನ ನಡೆದು ರಾಜ್ಯದ ಆ ತುದಿ ಮುಟ್ಟುತ್ತದೆ. ದಾರಿಯಲ್ಲಿ ದಾವಣಗೆರೆಯ ಶಾಲೆಯೂ ಒಂದು ಬೇಕು ಎಂದು ಸೊಸೆ ಹುಡುಕುತ್ತಿದ್ದಾಳೆ. ಫೋನಿಲ್ಲದ ಮನೆಗಳ ಮಕ್ಕಳಿಗೆ ಆ ದಿನ ನಮ್ಮ ಮನೆಯ ಅಂಗಳಕ್ಕೇ ಬರಲು ಹೇಳಿದ್ದೇನೆ. ಕೋಲು ನನ್ನ ಬಳಿ ಇದೆ.